ಕೂಗಿ ಹೇಳಿದ ಅಳತೆ

ಕತ್ತರಿಸುವ ಮೇಜಿನ ಮೇಲೆ ಅಕ್ಕನ ಕೋಟಿನ ಬಟ್ಟೆ ಮೂರು ದಿನದಿಂದ ಹಾಸಿದಂತೆಯೇ ಬಿದ್ದಿತ್ತು. ಬೂದಿ ಬೆರೆತ ನೀಲಿ, ಮುಟ್ಟಿದರೆ ಬೆರಳು ಜಾರುವಂಥದ್ದು. ಅವಳು ಬೆಳಿಗ್ಗೆ ಕೆಲಸಕ್ಕೆ ಬಂದವಳೇ ಅದರ ಅಂಚನ್ನು ಸರಿಮಾಡಿದಳು. ಸರಿಯಾಗಿಯೇ ಇದ್ದ ಅಂಚನ್ನು ಇನ್ನೊಮ್ಮೆ ಸರಿಮಾಡಿದಳು. ಸೀಮೆಸುಣ್ಣ ಎತ್ತಿಕೊಂಡು, ಗೆರೆ ಎಳೆಯದೆ ಕೆಳಗಿಟ್ಟಳು. ಇಪ್ಪತ್ತೆರಡು ವರ್ಷದಲ್ಲಿ ಅವಳ ಕೈ ಬಟ್ಟೆಯ ಮುಂದೆ ಹೀಗೆ ತಡವರಿಸಿದ್ದಿಲ್ಲ. ಈ ಹೊಲಿಗೆ ಅಂಗಡಿಯಲ್ಲಿ ಅವಳಿಗೆ ಕತ್ತರಿ ಎಂದೇ ಹೆಸರು. ಅರ್ಧ ಅವಳ ಕೆಲಸಕ್ಕೆ, ಅರ್ಧ ಅವಳ ಬಾಯಿಗೆ. ಯಾರು ಇಟ್ಟರೋ ನೆನಪಿಲ್ಲ. ಇಟ್ಟ ದಿನ ಎಲ್ಲರೂ ನಕ್ಕಿದ್ದರು, ಹೆಸರು ಸರಿಯಾಗಿದೆಯಲ್ಲ ಎಂದು ಅವಳೂ ನಕ್ಕಿದ್ದಳು. ಆದರೆ ಮೂರು ದಿನದಿಂದ ಯಾರೂ ಹಾಗೆ ಕರೆದಿರಲಿಲ್ಲ. ಹಿಂದಿನ ಸಾಲಿನ ಹೊಲಿಗೆ ಯಂತ್ರಗಳಲ್ಲಿ ಒಂದು ತುಸು ಹೊತ್ತು ನಿಂತರೂ ಸಾಕು, ತನ್ನ ವಿಷಯ ಮಾತಾಡಲೆಂದೇ ನಿಂತಿತು ಅನ್ನಿಸಿ ಅವಳ ಕಿವಿ ಬಿಸಿಯಾಗುತ್ತಿತ್ತು. ದಾರ ಮುಗಿದಿತ್ತು ಅಷ್ಟೇ. ಯಂತ್ರ ಮತ್ತೆ ಹೊರಡುತ್ತಿತ್ತು.

ಈ ಅಂಗಡಿಯಲ್ಲಿ ಅಳತೆಗೆ ಒಂದು ಪದ್ಧತಿ ಇತ್ತು. ಅಳತೆ ತೆಗೆಯುವವಳ ಎರಡು ಕೈಯೂ ಟೇಪಿನ ಮೇಲಿರುತ್ತವೆ, ಬರೆಯಲು ಮೂರನೆಯ ಕೈ ಎಲ್ಲಿಂದ ಬರಬೇಕು? ಅದಕ್ಕೇ ಅಳತೆಯ ಮೂಲೆಗೆ ಕಟ್ಟಿದ ಪರದೆಯ ಆಚೆ ಒಂದು ಸ್ಟೂಲಿನ ಮೇಲೆ ಪುಸ್ತಕದಮ್ಮ ಕೂತಿರುತ್ತಿದ್ದರು. ಯಜಮಾನಿಯ ತಾಯಿಯ ಕಾಲದಿಂದಲೂ ಅಳತೆ ಪುಸ್ತಕ ಅವರ ತೊಡೆಯ ಮೇಲೇ ಇದ್ದದ್ದರಿಂದ ಆ ಹೆಸರು. ಅವರಿಗೆ ಈಗೀಗ ಕಿವಿ ಮಂದ. ಹಾಗಾಗಿ ಒಳಗಿನಿಂದ ಅವಳು ಅಳತೆಯನ್ನು ಕೂಗಿ ಹೇಳಬೇಕು, ಹೊರಗಿನಿಂದ ಅವರು ಅದನ್ನೇ ಅಷ್ಟೇ ಗಟ್ಟಿಯಾಗಿ ಮರಳಿ ಕೂಗಿ ಬರೆದುಕೊಳ್ಳಬೇಕು, ಆಮೇಲೆ "ಮುಂದೆ?" ಎನ್ನಬೇಕು. ತಪ್ಪಿಗೆ ಎಡೆಯೇ ಇಲ್ಲದ ಪದ್ಧತಿ. ಅವಳಿಗೆ ಇದು ಬಹಳ ಇಷ್ಟವಾಗಿತ್ತು. ಲೋಕದಲ್ಲಿ ಅವಳು ಹೇಳಿದ್ದನ್ನು ಹೇಳಿದ ಹಾಗೇ ತೆಗೆದುಕೊಂಡು, ಒಂದಕ್ಷರ ಕೂಡಿಸದೆ ಕಳೆಯದೆ, ಹುಬ್ಬೂ ಏರಿಸದೆ ವಾಪಸು ಹೇಳುವ ಜೀವ ಅದೊಂದೇ ಎಂದು ಅವಳು ಎಷ್ಟೋ ಸಲ ಅಂದುಕೊಂಡಿದ್ದಳು. ಬೇರೆ ಕಡೆ ಭುಜದಿಂದ ಎದೆಯ ತುದಿಯವರೆಗಿನ ಅಳತೆಯನ್ನು ಒಂದೇ ಕಡೆಗೆ ತೆಗೆಯುತ್ತಾರೆ. ಅವಳು ಎರಡೂ ಕಡೆಗೆ ತೆಗೆಯುತ್ತಿದ್ದಳು, ಯಾಕೆಂದರೆ ಯಾರ ಮೈಯೂ ಎರಡು ಕಡೆಗೂ ಒಂದೇ ಸಮ ಇರುವುದಿಲ್ಲ. "ನಿಮ್ಮ ಬಲ ಭುಜ ಕಾಲಿಂಚು ತಗ್ಗಿದೆ" ಎಂದು ಗಿರಾಕಿಗಳಿಗೆ ಹೇಳಿಬಿಡುತ್ತಿದ್ದಳು. ಕೆಲವರು ಕನ್ನಡಿ ನೋಡಿಕೊಂಡು ಮುಖ ಗಂಟಿಕ್ಕುತ್ತಿದ್ದರು. ಆದರೂ ಅವಳು ಕತ್ತರಿಸಿದ ಕೋಟು ಮೈಗೆ ಅಂಟಿ ಕೂರುತ್ತಿದ್ದರಿಂದ ಮತ್ತೆ ಅಲ್ಲಿಗೇ ಬರುತ್ತಿದ್ದರು.

ಮೊನ್ನೆ ಅಕ್ಕ ಬಂದದ್ದು ಮಗಳ ಮದುವೆಗೆ ಕೋಟು ಹೊಲಿಸಲು. ಬೀಗಿತ್ತಿಯಾಗಲಿರುವಾಕೆ, ಅಂದರೆ ಹುಡುಗನ ತಾಯಿ, ತನಗೂ ಈ ಅಂಗಡಿ ಆದೀತೇ ಎಂದು ನೋಡಲು ಜೊತೆಗೇ ಬಂದಿದ್ದರು. ಪರದೆಯ ಆಚೆ, ಪುಸ್ತಕದಮ್ಮನ ಪಕ್ಕದ ಕುರ್ಚಿಯಲ್ಲಿ ಕೂತಿದ್ದರು. ಭುಜ ಹದಿನಾಲ್ಕೂವರೆ. ತೋಳು ಇಪ್ಪತ್ತೆರಡು. ಸೊಂಟ ಇಪ್ಪತ್ತೊಂಬತ್ತೂವರೆ. ಅಕ್ಕ ಚೆನ್ನಾಗಿ ಇಳಿದಿದ್ದಾಳೆ ಎಂದು ಅವಳಿಗೆ ಸಂತೋಷವೇ ಆಗಿತ್ತು. ಎದೆಯ ತುದಿ, ಬಲ ಹತ್ತು. "ಬಲ ಹತ್ತು," ಹೊರಗಿನಿಂದ ಪುಸ್ತಕದಮ್ಮ. ಎಡಕ್ಕೆ ಟೇಪು ಇಟ್ಟಾಗ ಅದು ಒಳಕ್ಕೆ ಕುಸಿಯಿತು. ಅಕ್ಕ ಅವಳ ಮಣಿಕಟ್ಟು ಹಿಡಿದು ಒತ್ತಿದಳು. ಬಿಗಿಯಾಯಿತೇನೋ ಎಂದು ಅವಳು ಟೇಪನ್ನು ಸಡಿಲಿಸಿದಳು. ಅಕ್ಕ ಮತ್ತೆ ಒತ್ತಿದಳು, ಉಗುರು ನಾಟುವಷ್ಟು. "ಬಿಗಿ ಇಲ್ಲವಲ್ಲ ಅಕ್ಕ, ಇಲ್ಲಿ ಬರೀ ಹತ್ತಿ ತುರುಕಿದೆ. ಎಡಗಡೆ ಏನೂ ಇಲ್ಲ." ಅಳತೆ ಹೇಳುವ ದನಿಯಲ್ಲೇ ಹೇಳಿದ್ದಳು, ಟೇಪು ಕೈಯಲ್ಲಿದ್ದಾಗ ಅವಳಿಗೆ ಬೇರೆ ದನಿ ಇರಲಿಲ್ಲ. "ಎಡಗಡೆ ಏನೂ ಇಲ್ಲ," ಎಂದು ಪುಸ್ತಕದಮ್ಮ ಹೊರಗೆ ಗಟ್ಟಿಯಾಗಿ ಹೇಳಿ ಬರೆದುಕೊಂಡರು. ಆಮೇಲೆ ಒಂದು ಕ್ಷಣ ಯಂತ್ರಗಳೆಲ್ಲ ನಿಂತವು. ಆಮೇಲೆ ಪುಸ್ತಕದಮ್ಮ "ಮುಂದೆ?" ಎಂದರು.

ಮುಂದೆ ಏನೂ ಇರಲಿಲ್ಲ. ಅಕ್ಕ ಅಂಗಿಯ ಗುಂಡಿ ಹಾಕಿಕೊಂಡಳು. ಒಂದು ಗುಂಡಿ ತಪ್ಪು ಕಾಜಕ್ಕೆ ಹೋಯಿತು. ಅದನ್ನು ಹೇಳಬೇಕೆಂದು ಬಾಯಿಗೆ ಬಂದದ್ದನ್ನು ಅವಳು ಹೇಗೋ ನುಂಗಿದಳು, ನುಂಗಿ ಏನು ಬಂತು. ಹೊರಗೆ ಬೀಗಿತ್ತಿ ತಮ್ಮ ಕೈಚೀಲವನ್ನು ತೊಡೆಯ ಮೇಲೆ ಎರಡೂ ಕೈಯಿಂದ ಹಿಡಿದು, ಗೋಡೆಗೆ ನೇತುಹಾಕಿದ ಒಂದು ಖಾಲಿ ಹ್ಯಾಂಗರನ್ನೇ ನೋಡುತ್ತ ಕೂತಿದ್ದರು. "ಆಯ್ತಾ?" ಎಂದು ಕೇಳಿದರು, ಮಗುವನ್ನು ಕೇಳಿದ ಹಾಗೆ ಮೆತ್ತಗೆ. ಇಬ್ಬರೂ ಹೊರಟುಹೋದರು. ಅಕ್ಕ ತಿರುಗಿ ನೋಡಲಿಲ್ಲ.

ಮಣಿಕಟ್ಟು ಒತ್ತುವುದು ಅವರಿಬ್ಬರ ನಡುವೆ ಹೊಸದೇನಲ್ಲ. ಅವಳಿಗೆ ಒಂಬತ್ತು, ಅಕ್ಕನಿಗೆ ಹದಿನಾಲ್ಕು ಇದ್ದಾಗ ಪಕ್ಕದ ಮನೆಯ ಅಂಚೆಯಣ್ಣ ತೀರಿಕೊಂಡಿದ್ದ. ಅವನನ್ನು ಕೋಟು ತೊಡಿಸಿ ಮಲಗಿಸಿದ್ದರು. ಮನೆ ತುಂಬ ಜನ ಅಳುತ್ತಿರುವಾಗ ಅವಳು ಅವನ ಹೆಂಡತಿಯ ಹತ್ತಿರ ಹೋಗಿ ಕೋಟಿನ ಗುಂಡಿ ಒಂದು ಮನೆ ತಪ್ಪಿದೆ ಎಂದು ಹೇಳಿದ್ದಳು. ಸಹಾಯ ಮಾಡಿದೆ ಎಂದುಕೊಂಡಿದ್ದಳು, ಯಾರಿಗೂ ಕಾಣಿಸದ್ದು ತನಗೆ ಕಾಣಿಸಿತಲ್ಲ. ಅಮ್ಮ ಅಲ್ಲೇ ಕೆನ್ನೆಗೆ ಬಾರಿಸಿದ್ದಳು. ಅಕ್ಕ ಹೊರಗೆ ಕರೆದುಕೊಂಡು ಹೋಗಿ, ಮೂಗು ಒರೆಸಿ, "ಇನ್ಮೇಲೆ ನಾನು ನಿನ್ನ ಪಕ್ಕದಲ್ಲೇ ನಿಂತಿರ್ತೀನಿ. ನಾನು ಇಲ್ಲಿ ಒತ್ತಿದರೆ ಬಾಯಿ ಮುಚ್ಚಬೇಕು. ಯಾಕೆ ಅಂತ ಆಮೇಲೆ ಕೇಳು" ಎಂದಿದ್ದಳು. ಆಮೇಲೆ ಕೇಳಿದರೆ ಅಕ್ಕ ಹೇಳುತ್ತಲೂ ಇದ್ದಳು, ಬೇಸರವಿಲ್ಲದೆ, ಒಂದೊಂದನ್ನೂ. ಎಷ್ಟು ಮದುವೆಗಳು, ಎಷ್ಟು ಮನೆಗಳು, ಎಷ್ಟು ನೆಂಟರ ಮುಂದೆ ಮಣಿಕಟ್ಟಿನ ಮೇಲಿನ ಆ ಒತ್ತು ಅವಳನ್ನು ಕಾಪಾಡಿತ್ತು. ಮೂವತ್ತಮೂರು ವರ್ಷ. ಅಷ್ಟು ವರ್ಷ ಅವಳಿಗೋಸ್ಕರ ಒತ್ತಿದ ಕೈ ಮೊನ್ನೆ ಮೊದಲ ಸಲ ತನಗೋಸ್ಕರ ಒತ್ತಿತ್ತು, ಆಗ ಅವಳು ಟೇಪು ಸಡಿಲಿಸಿದ್ದಳು. ಇದನ್ನು ನೆನೆದಾಗಲೆಲ್ಲ ಅವಳಿಗೆ ಮೇಜಿನ ಕೆಳಗೆ ತುಂಡುಬಟ್ಟೆಗಳ ನಡುವೆ ಹೋಗಿ ಕೂತುಬಿಡೋಣ ಅನ್ನಿಸುತ್ತಿತ್ತು.

ಎರಡು ವರ್ಷದ ಹಿಂದೆ ಒಬ್ಬ ಡಾಕ್ಟರಮ್ಮ ನಾಲ್ಕು ಸಲ ಕೂರಿಸಿಕೊಂಡು ಮಾತಾಡಿ, ಕೊನೆಗೆ ನಿಮಗೆ ಇರುವುದು ಆಟಿಸಂ ಎಂದು ಹೇಳಿ ಕಾಗದ ಬರೆದುಕೊಟ್ಟಿದ್ದರು. ನಲವತ್ತು ವರ್ಷಕ್ಕೆ ಒಂದು ಹೆಸರು ಸಿಕ್ಕಿತಲ್ಲ ಎಂದು ಅವಳು ದಾರಿಯುದ್ದಕ್ಕೂ ಆ ಕಾಗದವನ್ನು ಮಡಿಸದೆ ಹಿಡಿದುಕೊಂಡು ಬಂದು ಮೊದಲು ಅಕ್ಕನಿಗೇ ತೋರಿಸಿದ್ದಳು. ಅಕ್ಕ ಓದಿದಳು, ಎರಡನೆಯ ಸಲವೂ ಓದಿದಳು. "ಒಳ್ಳೇದಾಯ್ತು. ನಿನಗೆ ಈಗ ಒಂದು ಚೀಟಿ ಸಿಕ್ತು. ನಿನ್ನ ಮಾತು ಕೇಳಿಸಿಕೊಂಡವರಿಗೆ ಏನು ಸಿಗುತ್ತೆ ಹೇಳು?" ನಗುತ್ತಲೇ ಹೇಳಿದ್ದಳು. ಅವಳೂ ನಕ್ಕಿದ್ದಳು. ತಮಾಷೆ ಯಾವುದು, ಅಲ್ಲದ್ದು ಯಾವುದು ಎಂದು ಅಕ್ಕನ ವಿಷಯದಲ್ಲಿ ಅವಳು ಕೇಳಿಕೊಂಡದ್ದೇ ಇಲ್ಲ. ಈ ಮೂರು ದಿನದಲ್ಲಿ ಆ ಕಾಗದವನ್ನು ಬೀಗಿತ್ತಿಯ ಮುಂದೆ ಹಿಡಿಯುವುದನ್ನು ಅವಳು ಎಷ್ಟೋ ಸಲ ಕಲ್ಪಿಸಿಕೊಂಡಳು. ಪ್ರತಿ ಸಲವೂ ಬೀಗಿತ್ತಿ ಓದಿ, ಮಡಿಸಿ, "ಆಯ್ತಾ?" ಎಂದೇ ಕೇಳುತ್ತಿದ್ದರು. ಹೆಸರು ಯಾವುದಾದರೇನು, ಮಾತು ಬಾಯಿಂದ ಹೊರಬಿದ್ದಿತ್ತು.

ಅದಕ್ಕಿಂತ ಕೆಟ್ಟದ್ದು ಇನ್ನೊಂದಿತ್ತು. ಎಂಟು ತಿಂಗಳ ಹಿಂದೆ ಅಕ್ಕ ಎರಡು ವಾರ ಊರಲ್ಲಿ ಇರಲಿಲ್ಲ. ಭಾವನ ಕೆಲಸದ ಮೇಲೆ ಇಬ್ಬರೂ ಹೋಗುತ್ತಿದ್ದೇವೆ ಎಂದಿದ್ದಳು, ಇವಳು ನಂಬಿದ್ದಳು. ಹೇಳಿದ್ದನ್ನು ನಂಬುವುದು ಬಿಟ್ಟು ಬೇರೆ ಏನು ಮಾಡಬೇಕೆಂದು ಅವಳಿಗೆ ಈಗಲೂ ತಿಳಿಯದು. ಆ ನಡುವೆ ಇವಳೇ ಫೋನ್ ಮಾಡಿ, ಅಕ್ಕನಿಗೆ ಕೊಟ್ಟಿದ್ದ ಇಸ್ತ್ರಿಪೆಟ್ಟಿಗೆ ಎಲ್ಲಿಟ್ಟಿದ್ದೀಯಾ ಎಂದು ಕೇಳಿದ್ದಳು. ಅಕ್ಕನ ದನಿ ತೊದಲುತ್ತಿತ್ತು. "ನಿದ್ದೆಗಣ್ಣಲ್ಲಿ ಮಾತಾಡಬೇಡ, ಒಂದೂ ಅರ್ಥ ಆಗಲ್ಲ. ಎದ್ದಮೇಲೆ ಫೋನ್ ಮಾಡು" ಎಂದು ಇಟ್ಟುಬಿಟ್ಟಿದ್ದಳು. ಈಗ ಗೊತ್ತಾಗುತ್ತಿತ್ತು, ಅಕ್ಕ ಮಾತಾಡಿದ್ದು ಎಡ ಎದೆ ತೆಗೆಸಿಕೊಂಡು ಮಲಗಿದ್ದ ಆಸ್ಪತ್ರೆಯ ಮಂಚದಿಂದ. ಭಾವನಿಗೆ ಗೊತ್ತಿತ್ತು, ಮಗಳಿಗೆ ಗೊತ್ತಿತ್ತು, ಬಹುಶಃ ಮನೆಗೆ ಹಾಲು ಹಾಕುವವನಿಗೂ ಗೊತ್ತಿತ್ತು. ಒಡಹುಟ್ಟಿದವಳಿಗೆ ಮಾತ್ರ ಟೇಪು ಹೇಳಬೇಕಾಯಿತು. ತನಗೆ ಹೇಳದೆ ಇದ್ದದ್ದು ಸರಿಯೇ ಎಂದು ಅವಳು ತಾನೇ ಸಾಬೀತು ಮಾಡಿದ್ದಳಲ್ಲ, ಅದೂ ಇಷ್ಟು ಗಟ್ಟಿಯಾಗಿ.

ಹನ್ನೊಂದು ಗಂಟೆಗೆ ಯಜಮಾನಿ ಬಂದರು. ಬಟ್ಟೆಯನ್ನು ನೋಡಿದರು, ಅವಳನ್ನು ನೋಡಲಿಲ್ಲ. "ಇನ್ಮೇಲೆ ಪರದೆ ಒಳಗೆ ಬೇರೆಯವರು ಹೋಗ್ತಾರೆ. ನೀನು ಕತ್ತರಿಸು, ಸಾಕು. ಬೇಜಾರು ಮಾಡ್ಕೋಬೇಡ, ನಿನ್ನ ಕೈ ಬಗ್ಗೆ ನನಗೆ ಎರಡನೇ ಮಾತಿಲ್ಲ."

"ಎಡ ಬಲ ಎರಡೂ ತೆಗೀಬೇಕು ಅಂತ ಅವರಿಗೆ ಹೇಳಬೇಕು," ಎಂದಳು ಅವಳು.

ಯಜಮಾನಿ ಕಣ್ಣು ಮುಚ್ಚಿ ತೆರೆದರು. "ನೋಡು, ಈಗ್ಲೂ," ಎಂದು ಒಳಗೆ ಹೋದರು.

ಸ್ವಲ್ಪ ಹೊತ್ತಿಗೆ ಅಕ್ಕನ ಮಗಳ ಫೋನ್ ಬಂತು. ಮದುಮಗಳಾಗುವವಳು, ದನಿಯಲ್ಲಿ ಹುರುಪಿರಲಿಲ್ಲ. "ಚಿಕ್ಕಮ್ಮ, ಅಮ್ಮ ಕೋಟು ಬೇರೆ ಕಡೆ ಹೊಲಿಸ್ತಾರಂತೆ. ಬಟ್ಟೆ ವಾಪಸ್ ಕಳಿಸಬೇಕಂತೆ." ಅವಳು ಹೂಂ ಎಂದಳು. "ಅತ್ತೆ ನಿನ್ನೆ ಫೋನ್ ಮಾಡಿದ್ರು. ನಿಮ್ಮ ಮನೇಲಿ ಈ ಕಾಯಿಲೆ ಮುಂಚಿಂದ ಇದೆಯಾ, ನಿನಗೂ ಪರೀಕ್ಷೆ ಮಾಡಿಸಿದ್ದಾರಾ ಅಂದ್ರು. ಮದುವೆ ಏನೂ ನಿಲ್ಲಲ್ಲ. ಆದರೆ ಅಮ್ಮ ಪಕ್ಕದಲ್ಲೇ ಇದ್ರು, ಎಲ್ಲ ಕೇಳಿಸ್ಕೊಂಡ್ರು." "ನೀವೇ ತಂದುಕೊಡ್ತೀರಾ, ಇಲ್ಲ ಯಾರ ಕೈಲಾದ್ರೂ ಕಳಿಸ್ತೀರಾ?" ಎಂದು ಹುಡುಗಿ ಕೇಳಿದ್ದರಲ್ಲೇ ಉತ್ತರ ಇತ್ತೇನೋ, ಚಿಕ್ಕಮ್ಮನಿಗೆ ಅದು ಕೇಳಿಸಲಿಲ್ಲ. "ನಾನೇ ತರ್ತೀನಿ" ಎಂದಳು.

ಬಟ್ಟೆ ಮಡಿಸುವ ಮುಂಚೆ ಅವಳು ಅಳತೆ ಪುಸ್ತಕ ತೆರೆದಳು. ಅಕ್ಕನ ಪುಟದಲ್ಲಿ ಪುಸ್ತಕದಮ್ಮನ ಗುಂಡು ಅಕ್ಷರ: ಎಡಗಡೆ ಏನೂ ಇಲ್ಲ. ಅದನ್ನು ಹರಿಯಲೆಂದು ಕೈ ಹಾಕಿದವಳ ಕಣ್ಣು ಸೊಂಟದ ಸಾಲಿನ ಮೇಲೆ ನಿಂತಿತು. ಎರಡು ವರ್ಷದ ಹಿಂದೆ ಮೂವತ್ತನಾಲ್ಕು. ನಾಲ್ಕು ತಿಂಗಳ ಹಿಂದೆ ಅಕ್ಕ ಮಗಳ ಕೈಲಿ ಒಂದು ಲಂಗ ಕಳಿಸಿ, ಸೊಂಟ ಮೂವತ್ತೆರಡು ಮಾಡಿಸು ಎಂದಿದ್ದಳು. ಮೊನ್ನೆ ಇಪ್ಪತ್ತೊಂಬತ್ತೂವರೆ. ಅವಳ ತಲೆ ತನ್ನಷ್ಟಕ್ಕೆ ಲೆಕ್ಕ ಹಾಕಿತು, ತಿಂಗಳಿಗೆ ಅರ್ಧ ಇಂಚಿಗೂ ಹೆಚ್ಚು. ಮದುವೆಗೆ ಇನ್ನು ಐದು ವಾರ. ಶಸ್ತ್ರಚಿಕಿತ್ಸೆ ಆದದ್ದು ಎಂಟು ತಿಂಗಳ ಹಿಂದೆ. ವಾಸಿಯಾಗುತ್ತಿರುವ ಮೈ ಈಗ ತುಂಬಿಕೊಳ್ಳಬೇಕು, ಇಳಿಯಬಾರದು. ಅವಳು ಕೂಡಿಸಿ ಕಳೆದು ಮತ್ತೆ ನೋಡಿದಳು. ಇಳಿದಿದ್ದಾಳೆ ಎಂದು ಪರದೆಯೊಳಗೆ ಸಂತೋಷಪಟ್ಟದ್ದು ನೆನಪಾಗಿ, ಇನ್ನೂ ಎಷ್ಟು ಬಗೆಯಲ್ಲಿ ನಾಚಬೇಕು ತಾನು ಅನ್ನಿಸಿತು.

ಪುಸ್ತಕದಮ್ಮ ಪಕ್ಕಕ್ಕೆ ಬಂದು ನಿಂತಿದ್ದರು. ತಪ್ಪು ತನ್ನದೂ ಎಂದು ಅವರು ಮೂರು ದಿನದಿಂದ ಸರಿಯಾಗಿ ಊಟ ಮಾಡಿರಲಿಲ್ಲ. "ಹೋಗ್ತಿದ್ದೀಯಾ? ಹೋಗು. ಮೊದಲು ಹೇಗಿದ್ದೀಯಾ ಅನ್ನು. ಆಮೇಲೆ ತಪ್ಪಾಯ್ತು ಅನ್ನು. ಯಾಕಾಯ್ತು, ಹೇಗಾಯ್ತು ಅಂತ ವಿವರಿಸೋಕೆ ಹೋಗಬೇಡ, ನೀನು ವಿವರಿಸಿದಷ್ಟೂ ಗಾಯಕ್ಕೆ ಉಪ್ಪು. ಚೆನ್ನಾಗಿ ಕಾಣ್ತಿದ್ದೀಯಾ ಅಂತ ಒಂದು ಮಾತು ಹೇಳು. ಅಷ್ಟೇ. ಎದ್ದು ಬಾ." ಪುಟದ ಮೇಲೆ ಅವಳ ಬೆರಳು ಇದ್ದ ಸಾಲನ್ನು ನೋಡಿದರು. ಇಷ್ಟು ವರ್ಷ ಅಂಕಿ ಬರೆದವರಿಗೆ ಓದುವುದು ಬಾರದೇ? "ಇದನ್ನಂತೂ ಬಾಯಿಬಿಡಬೇಡ, ನಿನಗೆ ಕೈ ಮುಗೀತೀನಿ," ಎಂದರು.

ಅಕ್ಕನ ಮನೆಗೆ ನಡೆದರೆ ಅರ್ಧ ಗಂಟೆ. ಬಟ್ಟೆಯ ಗಂಟನ್ನು ಎದೆಗವುಚಿಕೊಂಡು ಅವಳು ಮೂರು ಮಾತನ್ನು ಬಾಯಿಪಾಠ ಮಾಡುತ್ತ ನಡೆದಳು. ಹೇಗಿದ್ದೀಯಾ. ತಪ್ಪಾಯ್ತು. ಚೆನ್ನಾಗಿ ಕಾಣ್ತಿದ್ದೀಯಾ. ಎದುರಿಗೆ ಬಂದವರು ತುಟಿ ಆಡುವುದನ್ನು ನೋಡಿ ದಾರಿ ಬಿಟ್ಟರು. ಅಕ್ಕ ಬಾಗಿಲು ತೆಗೆಯದಿದ್ದರೆ? ತೆಗೆದು, ಬಟ್ಟೆ ಇಸಕೊಂಡು ಮುಚ್ಚಿಬಿಟ್ಟರೆ? ಅಮ್ಮ ಅಪ್ಪ ಇಬ್ಬರೂ ಇಲ್ಲ, ಮದುವೆ ಅವಳು ಆಗಿಲ್ಲ, ಗೆಳತಿ ಎಂದು ಕರೆಯುವಂಥವರು ಯಾರೂ ಇಲ್ಲ. ಇವಳು ನನ್ನವಳು ಎಂದು ಜನರ ನಡುವೆ ನಿಂತು ಹೇಳಿದ್ದು ಲೋಕದಲ್ಲಿ ಅಕ್ಕ ಒಬ್ಬಳೇ. ಆ ಒಬ್ಬಳನ್ನು ಉಳಿಸಿಕೊಳ್ಳಲು ಬೇಕಾದದ್ದು ಬರೀ ಮೂರು ಮಾತು, ಅಷ್ಟು ಹೇಳಲಾರೆನೇ ಎಂದು ಅವಳು ತನ್ನನ್ನೇ ಗದರಿಸಿಕೊಂಡಳು.

ಬಾಗಿಲು ತೆಗೆದದ್ದು ಭಾವ. ಅವರು ಅವಳ ಮುಖ ನೋಡದೆ ಗಂಟನ್ನು ನೋಡಿದರು. "ಒಳಗಿದ್ದಾಳೆ. ಜಾಸ್ತಿ ಹೊತ್ತು ಕೂರಬೇಡ, ಸುಸ್ತಾಗ್ತಾಳೆ." ಹಾಗೆಂದವರು ತಾವೂ ಹಿಂದೆಯೇ ಬಂದು ಕೋಣೆಯ ಬಾಗಿಲಲ್ಲಿ ನಿಂತರು. ಅಕ್ಕ ಕಿಟಕಿಯ ಪಕ್ಕದ ಕುರ್ಚಿಯಲ್ಲಿ, ಕಾಲನ್ನು ಇನ್ನೊಂದು ಸ್ಟೂಲಿನ ಮೇಲಿಟ್ಟು, ಮದುವೆಗೆ ಕರೆಯಬೇಕಾದವರ ಹೆಸರು ಬರೆಯುತ್ತಿದ್ದಳು. ಹಗಲ ಬೆಳಕಲ್ಲಿ ಅವಳ ಕೆನ್ನೆಯ ಮೂಳೆ ಕಾಣುತ್ತಿತ್ತು. ಮೊನ್ನೆ ಅಂಗಡಿಯಲ್ಲಿ ತಾನು ಮೈಯನ್ನು ಮಾತ್ರ ನೋಡಿದ್ದೆ, ಮುಖವನ್ನು ನೋಡಿಯೇ ಇರಲಿಲ್ಲ ಎಂದು ಅವಳಿಗೆ ಹೊಳೆಯಿತು.

"ಹೇಗಿದ್ದೀಯಾ," ಎಂದಳು. "ತಪ್ಪಾಯ್ತು."

ಅಕ್ಕ ಪೆನ್ನು ಇಟ್ಟಳು. "ಯಾರು ಹೇಳಿಕೊಟ್ಟದ್ದು?"

"ಪುಸ್ತಕದಮ್ಮ."

ಅಕ್ಕನ ತುಟಿಯ ಒಂದು ಕೊನೆ ಮೇಲೆ ಹೋಯಿತು. ಕೂತ್ಕೋ ಎಂದು ಮಂಚ ತೋರಿಸಿದಳು. "ಬೈದು ಬೈದು ಸಾಕಾಗಿದೆ ಕಣೇ, ಮನಸ್ಸಲ್ಲೇ. ಮೂರು ದಿನ ನಿನ್ನ ಮುಖ ನೆನೆಸ್ಕೊಂಡ್ರೆ ಮೈ ಉರೀತಿತ್ತು. ಆಕೆ ಮುಂದೆ, ಅಷ್ಟು ಜನರ ಮುಂದೆ. ನಾನು ಒತ್ತಿದೆನಲ್ಲೇ, ಎರಡು ಸಲ."

"ಬಿಗಿಯಾಯ್ತು ಅಂದ್ಕೊಂಡೆ."

"ಗೊತ್ತು. ಅದೇ ಇನ್ನೂ ಉರಿ. ನೀನು ಬೇಕಂತ ಮಾಡಿದ್ರೆ ಬೈಯೋಕಾದ್ರೂ ಆಗ್ತಿತ್ತು." ಅಕ್ಕ ಕಿಟಕಿಯ ಕಡೆ ನೋಡಿದಳು. "ನಿನಗೆ ಯಾಕೆ ಹೇಳಲಿಲ್ಲ ಗೊತ್ತಾ?"

"ಎಲ್ಲರ ಮುಂದೆ ಹೇಳಿಬಿಡ್ತೀನಿ ಅಂತ."

"ಅದಕ್ಕಲ್ಲ. ಹೇಳಬೇಡ ಅಂದಿದ್ರೆ ನೀನು ಸತ್ತರೂ ಹೇಳ್ತಿರಲಿಲ್ಲ. ಚಿಕ್ಕವಳಿದ್ದಾಗಿಂದ ಒಂದೇ ಒಂದು ಗುಟ್ಟು ನೀನು ಬಿಟ್ಟುಕೊಟ್ಟಿಲ್ಲ. ನೀನು ಕೇಳ್ತಿದ್ದೆ, ಅದಕ್ಕೆ. ಎಲ್ಲ ತೆಗೆದ್ರಾ, ಉಳಿದಿದೆಯಾ, ಡಾಕ್ಟರು ನಿಜವಾಗಿ ಏನಂದ್ರು ಅಂತ. ಆಗ ನನಗೆ ಅದನ್ನ ಕೇಳಿಸ್ಕೊಳ್ಳೋ ಶಕ್ತಿ ಇರಲಿಲ್ಲ." ಅವಳ ಕೈ ಹೆಸರಿನ ಪಟ್ಟಿಯ ಮೇಲೆ ಸುಮ್ಮನೆ ಆಡಿತು. "ಈಗ ಇದೆ. ಈ ಮನೇಲಿ ದಿನಾ ಬೆಳಗಾದ್ರೆ ನಿನ್ನೆಗಿಂತ ಗೆಲುವಾಗಿದ್ದೀಯಾ ಅಂತಾರೆ. ನಿಮ್ಮ ಭಾವ ಅಂತಾರೆ, ಮಗಳು ಅಂತಾಳೆ. ಡಾಕ್ಟರು ನನ್ನ ನೋಡೋದು ಬಿಟ್ಟು ನಿಮ್ಮ ಭಾವನ ಮುಖ ನೋಡ್ಕೊಂಡು ಮಾತಾಡ್ತಾರೆ. ಬಟ್ಟೆ ಕಳಿಸು ಅಂದದ್ದೂ ಅದಕ್ಕೇ, ಬೇರೆ ಯಾರ ಕೈಲೂ ಕಳಿಸದೆ ನೀನೇ ಬರ್ತೀಯಾ ಅಂತ ಗೊತ್ತಿತ್ತು. ಮೊನ್ನೆ ನೀನು ಅಳತೆ ತಗೊಂಡೆ, ಪುಸ್ತಕದಲ್ಲಿ ಹಳೇದೂ ಇದೆ. ಹೇಳು. ಮದುವೆ ದಿನಕ್ಕೆ ಈ ಅಳತೆ ನಿಲ್ಲುತ್ತಾ?"

ಪ್ರಶ್ನೆ ಎಷ್ಟು ಸ್ಪಷ್ಟವಾಗಿತ್ತೆಂದರೆ ಅವಳಿಗೆ ಒಂದು ಕ್ಷಣ ನೆಮ್ಮದಿಯೇ ಆಯಿತು. ಉತ್ತರ ನಾಲಿಗೆಯ ತುದಿಯಲ್ಲಿತ್ತು: ನಿಲ್ಲೋದಿಲ್ಲ ಅಕ್ಕ, ಮುಕ್ಕಾಲು ಇಂಚು ಇಳಿಯುತ್ತೆ, ಅದಕ್ಕೇ ನಾಳೆಯೇ ಬೇರೆ ಡಾಕ್ಟರ ಹತ್ತಿರ ಹೋಗೋಣ, ನಾನೂ ಬರ್ತೀನಿ. ಬಾಗಿಲಲ್ಲಿ ಭಾವ ಉಸಿರು ಬಿಗಿಹಿಡಿದು ಅವಳನ್ನೇ ನೋಡುತ್ತಿದ್ದರು. ಬೀಗಿತ್ತಿಯ ಕೈಚೀಲ ನೆನಪಾಯಿತು, ಯಜಮಾನಿ ಕಣ್ಣು ಮುಚ್ಚಿ ತೆರೆದದ್ದು ನೆನಪಾಯಿತು, ಅಮ್ಮ ಬಾರಿಸಿದ ಕೆನ್ನೆ ಕೂಡ. ಸಾಕು, ಇವತ್ತಾದರೂ ಎಲ್ಲರ ಹಾಗೆ ಇದ್ದುಬಿಡೋಣ ಅನ್ನಿಸಿತು.

"ನಿಲ್ಲುತ್ತೆ ಅಕ್ಕ," ಎಂದಳು. "ಚೆನ್ನಾಗಿ ಕಾಣ್ತಿದ್ದೀಯಾ."

"ಅದೇ ನಾನೂ ದಿನಾ ಹೇಳೋದು," ಎಂದರು ಭಾವ, ದೊಡ್ಡದಾಗಿ ಉಸಿರು ಬಿಟ್ಟು. ಆ ಮನೆಯಲ್ಲಿ ಅವರು ಅವಳನ್ನು ನೋಡಿ ಅಷ್ಟು ವಿಶ್ವಾಸದಿಂದ ನಕ್ಕದ್ದು ಅದೇ ಮೊದಲು.

ಅಕ್ಕ ಅವಳ ಮುಖವನ್ನೇ ನೋಡಿದಳು, ಬಹಳ ಹೊತ್ತು. ಸುಳ್ಳು ಹೇಳುವಾಗ ಮುಖವನ್ನು ಎಲ್ಲಿಡಬೇಕೆಂದು ಅಭ್ಯಾಸವಿಲ್ಲದ ಅವಳು ಬಟ್ಟೆಯ ಗಂಟನ್ನು ನೋಡುತ್ತ ಕೂತಳು. ಕಿವಿಯಿಂದ ಕುತ್ತಿಗೆಯವರೆಗೆ ಬಿಸಿ ಇಳಿಯಿತು. ಪರದೆಯೊಳಗೆ ಆದ ನಾಚಿಕೆ ಇದರ ಮುಂದೆ ಏನೂ ಅಲ್ಲ ಎಂದು ಅವಳಿಗೆ ತಿಳಿಯಿತು. ಅಲ್ಲಿ ಅವಳು ಅಕ್ಕನನ್ನು ಬೇರೆಯವರ ಮುಂದೆ ಬೆತ್ತಲೆ ಮಾಡಿದ್ದಳು, ಇಲ್ಲಿ ಅಕ್ಕನನ್ನು ಒಂಟಿಯಾಗಿ ಬಿಟ್ಟುಹೋಗುತ್ತಿದ್ದಳು. ಈಗಲಾದರೂ ಹೇಳಿಬಿಡಬಹುದಿತ್ತು. ಬಾಯಿ ತೆರೆದಳು, ಮೊದಲ ಸಲ ಅವಳಿಗೆ ಮಾತು ಬರಲಿಲ್ಲ.

"ನೀನೂ ಕಲಿತೆಯಲ್ಲೇ," ಎಂದಳು ಅಕ್ಕ, ಮೆತ್ತಗೆ.

ಆಮೇಲೆ ಕಾಲನ್ನು ಸ್ಟೂಲಿನಿಂದ ಇಳಿಸಿ, ಬೆನ್ನು ನೆಟ್ಟಗೆ ಮಾಡಿ ಕೂತಳು, ಹೊರಗಿನವರು ಬಂದಾಗ ಕೂರುವ ಹಾಗೆ. "ಬಟ್ಟೆ ವಾಪಸ್ ತಗೊಂಡು ಹೋಗು, ನೀನೇ ಹೊಲಿ. ಮನಸ್ಸಲ್ಲಿ ಏನೂ ಇಟ್ಕೋಬೇಡ, ಆಯ್ತಾ?" ಪೆನ್ನು ತೆಗೆದುಕೊಂಡು ಪಟ್ಟಿಯ ಕೊನೆಯಲ್ಲಿ ತಂಗಿಯ ಹೆಸರು ಬರೆದಳು. "ಮದುವೆಗೆ ತಪ್ಪದೆ ಬಾ." ಒಳಗಿನ ಕಡೆ ತಿರುಗಿ ಮಗಳನ್ನು ಕೂಗಿದಳು: "ಚಿಕ್ಕಮ್ಮ ಬಂದಿದ್ದಾರೆ ನೋಡು, ಕುಡಿಯೋಕೆ ಏನಾದ್ರೂ ತಂದುಕೊಡು."

ಮಗಳು ತಟ್ಟೆಯಲ್ಲಿಟ್ಟ ಗಾಜಿನ ಲೋಟ ತಂದಳು, ನೆಂಟರಿಗೆಂದು ಮೇಲಿನ ಅಟ್ಟದಲ್ಲಿರುವ ಲೋಟ. ಅವಳು ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಅಕ್ಕ ಮುಂದಿನ ಹೆಸರು ಬರೆಯುತ್ತಿದ್ದಳು.